ಲೆಕ್ಕದ ಭಯವನ್ನು ಅಳೆಯಲು ಹೊರಟವರ ಕಥೆ

"ಲೆಕ್ಕ ತಲೆಗೆ ಹತ್ತಲ್ಲ ಅಂದಮೇಲೆ ಆರ್ಟ್ಸ್ ತಗೊಂಡುಬಿಡು."

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಈ ಮಾತು ಕೇಳಿಬರದ ಬೀದಿ ನಮ್ಮ ಊರುಗಳಲ್ಲಿ ಕಡಿಮೆ. ನಾವು ಪತ್ರಿಕೋದ್ಯಮ ಓದಿದವರು. ನಮ್ಮಲ್ಲೂ ಹಲವರು ಇಲ್ಲಿಗೆ ಬಂದು ಸೇರಿದ್ದು ಇದೇ ಮಾತು ಕೇಳಿಕೊಂಡು. ತಮಾಷೆ ಏನೆಂದರೆ, ಮಗಳಿಗೆ ಹೀಗೆ ಹೇಳುವ ತಾಯಿ ಸಂಘದ ಸಾಲಕ್ಕೆ ಬಡ್ಡಿ ಎಷ್ಟಾಯಿತೆಂದು ಬಾಯಲ್ಲೇ ಹೇಳುತ್ತಾಳೆ. ಅಪ್ಪ ಮೂರು ಎಕರೆ ಹದಿನೇಳು ಗುಂಟೆಯನ್ನು ನಾಲ್ಕು ಪಾಲು ಮಾಡಲು ಕಾಗದ ಕೇಳುವುದಿಲ್ಲ. ಲೆಕ್ಕ ಬರುತ್ತದೆ. 'ಗಣಿತ' ಮಾತ್ರ ಬರುವುದಿಲ್ಲ.

ಹಾಗಾದರೆ ಹುಡುಗರಿಗೆ ಬರದೇ ಇರುವುದು ವಿಷಯವೋ? ವಿಷಯದ ಮೇಲಿನ ಭಯವೋ? ಅಥವಾ 'ಇದು ನಮ್ಮಂಥವರದಲ್ಲ' ಎಂಬ ಅನಿಸಿಕೆಯೋ? ಈ ಮೂರನ್ನೂ ಬೇರೆಬೇರೆ ಮಾಡಿ ಅಳೆಯಬೇಕೆಂದು ಅಮೆರಿಕದ ಕಾಲೇಜುಗಳಲ್ಲಿ ಹತ್ತಿರ ಹತ್ತಿರ ನೂರು ವರ್ಷದಿಂದ ಜನ ಕೆಲಸ ಮಾಡುತ್ತಿದ್ದಾರೆ. ಆ ಕಥೆಯನ್ನು ಇವತ್ತು ಹೇಳುತ್ತೇವೆ. ಪರದೇಶದ ಕಥೆಯೇ ಆದರೂ ಓದುತ್ತಾ ಹೋದಂತೆ ನಮ್ಮ ಕಾಲೇಜಿನ ಕೊನೇ ಬೆಂಚು ನೆನಪಾಗದೆ ಇರಲಿಲ್ಲ.

ಮನಸ್ಸಿನ ಒಲವನ್ನು ಅಳೆಯಬಹುದು ಎಂದು ಗಟ್ಟಿಯಾಗಿ ಹೇಳಿದವರಲ್ಲಿ ಮೊದಲಿಗರು ಲೂಯಿ ಥರ್ಸ್ಟನ್. ಓದಿದ್ದು ಎಂಜಿನಿಯರಿಂಗ್. ಬಲ್ಬಿನ ಎಡಿಸನ್ ಬಳಿ ಕೆಲಕಾಲ ಸಹಾಯಕರಾಗಿದ್ದರು. ಆಮೇಲೆ ಮನಃಶಾಸ್ತ್ರಕ್ಕೆ ಬಂದು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. 1928ರಲ್ಲಿ ಅವರು ಬರೆದ ಲೇಖನದ ಹೆಸರೇ 'ಮನೋಭಾವಗಳನ್ನು ಅಳೆಯಬಹುದು' ಎಂಬ ಅರ್ಥದ್ದು. ಅವರ ದಾರಿ ಸುಲಭದ್ದಾಗಿರಲಿಲ್ಲ. ಚರ್ಚಿನ ಬಗ್ಗೆ ಜನರ ಮನೋಭಾವ ಅಳೆಯಲು ಅವರು 130 ಹೇಳಿಕೆ ಬರೆದಿಟ್ಟು, 300 ಜನರನ್ನು ಕರೆದು, ಯಾವ ಹೇಳಿಕೆ ಎಷ್ಟು ಪರ, ಎಷ್ಟು ವಿರೋಧ ಎಂದು 11 ಗುಡ್ಡೆಗಳಾಗಿ ಬೇರ್ಪಡಿಸಲು ಹೇಳಿದರು. ಅಕ್ಕಿ ಆರಿಸಿದಂತೆ. ಇಷ್ಟು ಮಾಡಿದ ಮೇಲೆ ಅಳತೆಗೋಲು ಸಿದ್ಧ. ಅಳೆಯುವ ಕೆಲಸ ಆಮೇಲೆ.

ನಾಲ್ಕು ವರ್ಷದ ನಂತರ, 1932ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ರೆನ್ಸಿಸ್ ಲಿಕರ್ಟ್ ಇಷ್ಟೆಲ್ಲ ಗುಡ್ಡೆ ಹಾಕುವ ಅಗತ್ಯವೇ ಇಲ್ಲ ಎಂದರು. ಒಂದು ಹೇಳಿಕೆ ಕೊಡಿ, ಉತ್ತರಕ್ಕೆ ಐದು ಮೆಟ್ಟಿಲು ಇಡಿ. ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ. ಅಷ್ಟೇ. ಇವತ್ತು ಮನೆ ಬಾಗಿಲಿಗೆ ಟ್ಯಾಬ್ ಹಿಡಿದು ಬರುವ ಸರ್ವೆಯವರು ಕೇಳುವುದು ಇದನ್ನೇ. ನೀವೂ ಯಾವತ್ತಾದರೂ ಉತ್ತರ ಕೊಟ್ಟಿರುತ್ತೀರಿ, ಲಿಕರ್ಟ್ ಎಂಬ ಹೆಸರು ಗೊತ್ತಿಲ್ಲದಿದ್ದರೂ.

ಇದು ಕೆಲಸ ಮಾಡುವ ಬಗೆಯನ್ನು ಒಂದು ನಿಮಿಷ ನೋಡೋಣ. ಎರಡು ಹೇಳಿಕೆಗಳನ್ನು ನಾವೇ ಬರೆದಿದ್ದೇವೆ. ಒಂದು: 'ಲೆಕ್ಕ ಬಿಡಿಸುವಾಗ ನನಗೆ ಖುಷಿಯಾಗುತ್ತದೆ.' ಇನ್ನೊಂದು: 'ಲೆಕ್ಕದ ಪುಸ್ತಕ ಕಂಡರೆ ನನ್ನ ಎದೆ ಹೊಡೆದುಕೊಳ್ಳುತ್ತದೆ.' ಮೊದಲನೆಯದಕ್ಕೆ 'ಪೂರ್ತಿ ಒಪ್ಪುತ್ತೇನೆ' ಎಂದರೆ 5 ಅಂಕ. ಎರಡನೆಯದಕ್ಕೆ ಅದೇ ಉತ್ತರ ಕೊಟ್ಟರೆ 1 ಅಂಕ, ಯಾಕೆಂದರೆ ಅಲ್ಲಿ ಲೆಕ್ಕ ತಿರುಗುಮುರುಗು. ಹೀಗೆ ಉಲ್ಟಾ ಹೇಳಿಕೆಗಳನ್ನು ನಡುನಡುವೆ ಬೆರೆಸುವುದಕ್ಕೂ ಕಾರಣವಿದೆ. ಕೆಲವರು ಓದದೆಯೇ ಎಲ್ಲದಕ್ಕೂ 'ಹೂಂ, ಹೌದು' ಎಂದು ಗೀಚಿಬಿಡುತ್ತಾರೆ. ಎರಡೂ ಬಗೆಯವು ಇದ್ದರೆ ಅಂಥವರ ಉತ್ತರ ಒಂದು ಕಡೆಗೇ ವಾಲದೆ ನಡುವಿಗೆ ಬಂದು ನಿಲ್ಲುತ್ತದೆ. ಕೊನೆಗೆ ಎಲ್ಲ ಅಂಕ ಕೂಡಿಸಿದರೆ ಒಬ್ಬೊಬ್ಬರಿಗೆ ಒಂದು ಸಂಖ್ಯೆ.

ಈ ಗೋಲನ್ನು ಗಣಿತದ ಕಡೆ ತಿರುಗಿಸಿದ್ದು 1950ರ ಆಸುಪಾಸು. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲ್ಬರ್ ಡಟ್ಟನ್ ಅವರು ಪ್ರಾಥಮಿಕ ಶಾಲೆಯ ಮೇಷ್ಟ್ರು, ಟೀಚರ್ ಆಗಲು ಓದುತ್ತಿದ್ದವರನ್ನೇ ಹಿಡಿದು ಕೇಳಿದರು: ನಿಮಗೆ ಲೆಕ್ಕ ಇಷ್ಟವೋ ಕಷ್ಟವೋ? ಆಯ್ಕೆ ಚೆನ್ನಾಗಿತ್ತು. ಲೆಕ್ಕ ಕಂಡರೆ ಆಗದ ಒಬ್ಬ ಹುಡುಗ ತಾನೊಬ್ಬ ದೂರ ಹೋಗುತ್ತಾನೆ. ಆಗದ ಒಬ್ಬ ಮೇಷ್ಟ್ರು ಮೂವತ್ತು ವರ್ಷದ ಸರ್ವಿಸಿನಲ್ಲಿ ಎಷ್ಟು ಮಕ್ಕಳಿಗೆ ಅದನ್ನು ದಾಟಿಸಿಯಾರು!

1954ರಲ್ಲಿ ಸಿಸ್ಟರ್ ಮೇರಿ ಫೀಡಿಸ್ ಗಾಫ್ ಎಂಬ ಕ್ರೈಸ್ತ ಸನ್ಯಾಸಿನಿ, ಅವರೂ ಶಿಕ್ಷಕಿ, ಈ ಕಾಯಿಲೆಗೆ ಒಂದು ಹೆಸರಿಟ್ಟರು. 'ಮ್ಯಾಥಮಫೋಬಿಯಾ'. ಅಂದರೆ ಗಣಿತಭೀತಿ. ಮೂರು ವರ್ಷ ಕಳೆದ ಮೇಲೆ, 1957ರಲ್ಲಿ, ರಾಲ್ಫ್ ಡ್ರೆಗರ್ ಮತ್ತು ಲೂಯಿಸ್ ಐಕನ್ ಎಂಬಿಬ್ಬರು ಫ್ಲೋರಿಡಾದ ಕಾಲೇಜು ವಿದ್ಯಾರ್ಥಿಗಳ ನಡುವೆ ಇದನ್ನು ಸರಿಯಾಗಿ ಪರೀಕ್ಷೆ ಮಾಡಿದರು. ಆಗಲೇ ಬಳಕೆಯಲ್ಲಿದ್ದ, ಸಾಮಾನ್ಯ ಆತಂಕವನ್ನು ಅಳೆಯುವ ಒಂದು ಪ್ರಶ್ನಾವಳಿಗೆ ಲೆಕ್ಕದ ಬಗ್ಗೆ ಮೂರೇ ಮೂರು ಪ್ರಶ್ನೆ ಸೇರಿಸಿದರು. ಕಂಡದ್ದೇನು? ಸಂಖ್ಯೆಗಳ ಭಯ ಬೇರೆ, ಎಲ್ಲದಕ್ಕೂ ಹೆದರುವ ಸ್ವಭಾವ ಬೇರೆ. ಈ ಭಯಕ್ಕೂ ಬುದ್ಧಿಗೂ ಅಂಥ ನಂಟಿಲ್ಲ. ಆದರೆ ಭಯ ಹೆಚ್ಚಿದ್ದವರ ಗಣಿತದ ಅಂಕ ಮಾತ್ರ ಕಡಿಮೆ ಇರುತ್ತಿತ್ತು.

ಎರಡನೆಯ ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸುತ್ತದೆ. ಲೆಕ್ಕಕ್ಕೆ ಹೆದರುವವರು ದಡ್ಡರಲ್ಲ ಎಂದು 1957ರಲ್ಲೇ ಅಚ್ಚಾಗಿತ್ತು. ನಮ್ಮ ತರಗತಿಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

1972ರಲ್ಲಿ ಫ್ರಾಂಕ್ ರಿಚರ್ಡ್‌ಸನ್ ಮತ್ತು ರಿಚರ್ಡ್ ಸುಯಿನ್ ಕಾಲೇಜು ವಿದ್ಯಾರ್ಥಿಗಳಿಗಾಗಿಯೇ 98 ಪ್ರಶ್ನೆಗಳ ದೊಡ್ಡ ಪಟ್ಟಿ ತಂದರು. ಅದರಲ್ಲಿ ತರಗತಿ, ಪರೀಕ್ಷೆ ಮಾತ್ರ ಇರಲಿಲ್ಲ. ಅಂಗಡಿಯ ಬಿಲ್ಲನ್ನು ಓದಿ ನೋಡುವಾಗ ಎಷ್ಟು ಆತಂಕ, ಯಾರೋ ನೋಡುತ್ತಾ ನಿಂತಿರುವಾಗ ಕೂಡುವ ಲೆಕ್ಕ ಮಾಡಬೇಕಾಗಿ ಬಂದರೆ ಎಷ್ಟು ಆತಂಕ, ಇಂಥವೂ ಇದ್ದವು. ಬ್ಯಾಂಕಿನಲ್ಲಿ ಹಿಂದೆ ಕ್ಯೂ ನಿಂತಿರುವಾಗ ಚಲನ್ ತುಂಬಿಸಿ ಗೊತ್ತಿರುವವರಿಗೆ ಆ ಎರಡನೆಯ ಪ್ರಶ್ನೆ ಬೇಗ ಅರ್ಥವಾಗುತ್ತದೆ.

ಇಲ್ಲಿವರೆಗೆ ಒಂದು ವಿಷಯ ಗಮನಿಸಿದಿರಾ? ಎಲ್ಲ ಅಳತೆಯೂ ವಿದ್ಯಾರ್ಥಿಯ ಎದೆಯೊಳಗಿನದು. ಅವನಿಗೆ ಇಷ್ಟವೋ, ಅವಳಿಗೆ ಭಯವೋ. ರೋಗ ಇರುವುದು ರೋಗಿಯಲ್ಲಿ ಎಂಬ ಹಾಗೆ. ಕೋಣೆಯ ಗಾಳಿ ಹೇಗಿದೆ ಎಂದು ಯಾರೂ ಕೇಳಿರಲಿಲ್ಲ.

ಕೇಳುವಂತೆ ಮಾಡಿದ್ದು ಒಂದು ಸಣ್ಣ ಎಣಿಕೆ. 1972ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರಿದವರಲ್ಲಿ ಕೆಲವರನ್ನು ಆರಿಸಿ, ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಪೂರ್ತಿ ಗಣಿತ ಓದಿದವರೆಷ್ಟು ಎಂದು ಲೂಸಿ ಸೆಲ್ಸ್ ಎಂಬ ಸಮಾಜಶಾಸ್ತ್ರಜ್ಞೆ ಲೆಕ್ಕ ಹಾಕಿದರು. ಹುಡುಗರಲ್ಲಿ ನೂರಕ್ಕೆ 57. ಹುಡುಗಿಯರಲ್ಲಿ ನೂರಕ್ಕೆ 8.

ಅದರಿಂದ ಏನಾಯಿತು? ನಾಲ್ಕು ವರ್ಷದ ಗಣಿತ ಇಲ್ಲದಿದ್ದರೆ ಕ್ಯಾಲ್ಕುಲಸ್ ತರಗತಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಕ್ಯಾಲ್ಕುಲಸ್ ಇಲ್ಲದೆ ಆ ವಿಶ್ವವಿದ್ಯಾಲಯದ 44 ವಿಷಯಗಳಲ್ಲಿ 22ಕ್ಕೆ ಪ್ರವೇಶವೇ ಇಲ್ಲ. ಹದಿನಾಲ್ಕು ಹದಿನೈದನೇ ವಯಸ್ಸಿನಲ್ಲಿ ಯಾರೋ 'ನಿನಗ್ಯಾಕೆ ಲೆಕ್ಕ' ಎಂದು ಹೇಳಿದ ಮಾತು ಹದಿನೆಂಟಕ್ಕೆ ಅರ್ಧ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಗಣಿತವನ್ನು ಸೆಲ್ಸ್ ಕರೆದದ್ದು ಸೋಸುವ ಜರಡಿ ಎಂದು. ಒಂದೇ ಕ್ಯಾಂಪಸ್ಸಿನ, ಆಯ್ದ ಕೆಲವರ ಲೆಕ್ಕ ಇದು. ಇಡೀ ಅಮೆರಿಕಕ್ಕೆ ಇದೇ ಪ್ರಮಾಣ ಎಂದು ತಿಳಿಯಬಾರದು. ಆದರೂ ಆ 57 ಮತ್ತು 8 ಅಲ್ಲಿ ದೊಡ್ಡ ಗದ್ದಲ ಎಬ್ಬಿಸಿದವು.

ಕನೆಟಿಕಟ್ ರಾಜ್ಯದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಆಡಳಿತದಲ್ಲಿದ್ದ ಶೀಲಾ ಟೋಬಿಯಾಸ್ 1975ರಲ್ಲಿ ಲೆಕ್ಕಕ್ಕೆ ಹೆದರುವವರಿಗೆಂದು ಒಂದು 'ಗಣಿತ ಕ್ಲಿನಿಕ್' ತೆರೆದರು. ಅವರು ಗಣಿತದವರಲ್ಲ. ಮಾರನೇ ವರ್ಷ ಮಹಿಳಾ ಪತ್ರಿಕೆಯೊಂದರಲ್ಲಿ ಲೇಖನ ಬರೆದರು, 1978ರಲ್ಲಿ ಪುಸ್ತಕ ತಂದರು. ಗಣಿತದ ಆತಂಕ ಎಂಬ ಮಾತು ಸಂಶೋಧಕರ ಕೈಯಿಂದ ಜನರ ಬಾಯಿಗೆ ಬಂದದ್ದು ಹೀಗೆ.

ಅದೇ 1976ರಲ್ಲಿ ವಿಸ್ಕಾನ್ಸಿನ್‌ನ ಎಲಿಜಬೆತ್ ಫೆನೆಮಾ ಮತ್ತು ಜೂಲಿಯಾ ಶರ್ಮನ್ ಹೊಸ ಗೋಲು ತಂದರು. ಮನೋಭಾವ ಎಂಬುದು ಒಂದೇ ಗಂಟಲ್ಲ, ಒಂಬತ್ತು ಎಳೆ ಎಂದರು. ಒಂದೊಂದು ಎಳೆಗೆ 12 ಹೇಳಿಕೆ, ಆರು ನೇರ, ಆರು ಉಲ್ಟಾ, ಒಟ್ಟು 108. ಆತ್ಮವಿಶ್ವಾಸ, ಭಯ, ಉಪಯೋಗ ಇವೆಲ್ಲ ಇದ್ದವು. ಅವುಗಳ ಜೊತೆಗೆ ಅಪ್ಪನಿಗೆ ಒಂದು ಎಳೆ, ಅಮ್ಮನಿಗೆ ಒಂದು, ಟೀಚರಿಗೆ ಒಂದು. ನಾನು ಲೆಕ್ಕ ಕಲಿಯಬಲ್ಲೆ ಎಂದು ಇವರಿಗೆ ಅನ್ನಿಸುತ್ತದೆಯೇ? ಇನ್ನೊಂದು ಎಳೆ, ಗಣಿತ ಗಂಡಸರ ವಿಷಯವೇ? ಮೊದಲ ಸಲ ಅಳತೆಗೋಲು ಎದೆಯಿಂದ ಹೊರಗೆ ಬಂದು ಸುತ್ತಲಿನವರ ಕಡೆ ತಿರುಗಿತು.

ಇದನ್ನು ಮೊದಲು ಮ್ಯಾಡಿಸನ್ ಊರಿನ ನಾಲ್ಕು ಹೈಸ್ಕೂಲುಗಳ 1,233 ಮಕ್ಕಳ ಮೇಲೆ ನೋಡಿದರು. ಮುಂದೆ ಕಾಲೇಜುಗಳಲ್ಲೂ ಬಳಕೆಗೆ ಬಂತು. ಅವರಿಗೆ ಸಿಕ್ಕ ಒಂದು ಸಂಗತಿ ನಮಗೆ ಬಹಳ ಹಿಡಿಸಿತು. ಗಣಿತ ಗಂಡಸರದು ಎಂದು ಹೆಚ್ಚಾಗಿ ನಂಬಿದ್ದವರು ಹುಡುಗರು. ಹುಡುಗಿಯರು ಅಷ್ಟಾಗಿ ನಂಬಿರಲಿಲ್ಲ. ಅಂದರೆ 'ಹೆಣ್ಣುಮಕ್ಕಳು ತಾವೇ ಹಿಂಜರಿಯುತ್ತಾರೆ' ಎಂಬ ಮಾತು ಅರ್ಧ ಸತ್ಯ. ಪಕ್ಕದ ಬೆಂಚಿನವರು ಏನಂದುಕೊಂಡಿದ್ದಾರೆ ಎಂಬುದೂ ಸೇರಬೇಕು.

ಗೋಲೂ ಹಳೆಯದಾಗುತ್ತದೆ, ಅದನ್ನೂ ಹೇಳಿಬಿಡುತ್ತೇವೆ. 1999ರಲ್ಲಿ ಆಸ್ಟ್ರೇಲಿಯಾದ ಮೂವರು ಸಂಶೋಧಕರು ಈ 'ಗಂಡಸರ ವಿಷಯ' ಎಂಬ ಎಳೆಯನ್ನು ಮತ್ತೆ ಪರೀಕ್ಷಿಸಿದರು. ಅದರ ಹೇಳಿಕೆಗಳಲ್ಲಿದ್ದದ್ದು ಎರಡೇ ದಾರಿ, ಗಂಡಸರದು ಅಥವಾ ಇಬ್ಬರದೂ. 'ಲೆಕ್ಕದಲ್ಲಿ ಹುಡುಗಿಯರೇ ಮುಂದೆ' ಎಂದು ಯೋಚಿಸುವವರಿಗೆ ಗುರುತು ಹಾಕಲು ಜಾಗವೇ ಇರಲಿಲ್ಲ. 1976ರಲ್ಲಿ ಹಾಗೆ ಯೋಚಿಸುವವರು ಇರಬಹುದೆಂದು ಬರೆದವರಿಗೆ ಹೊಳೆದಿರಲಿಲ್ಲ. ಪ್ರತಿ ವರ್ಷ ರಿಸಲ್ಟ್ ದಿನ 'ಬಾಲಕಿಯರೇ ಮೇಲುಗೈ' ಎಂಬ ತಲೆಬರಹ ಓದುವ ನಾವು ಆ ಹಾಳೆಯಲ್ಲಿ ಏನು ಗುರುತು ಹಾಕುತ್ತಿದ್ದೆವೋ.

ಈಗ ಮತ್ತೆ ಬರ್ಕ್‌ಲಿಗೆ ಬನ್ನಿ. ಸೆಲ್ಸ್ ಎಣಿಸಿದ ಅದೇ ಕ್ಯಾಂಪಸ್. 1970ರ ದಶಕದ ನಡುಭಾಗ. ಯೂರಿ ಟ್ರೈಸ್ಮನ್ ಎಂಬ ಯುವಕ ಅಲ್ಲಿ ಗಣಿತದಲ್ಲಿ ಉನ್ನತ ವ್ಯಾಸಂಗ ಮಾಡುತ್ತಾ, ಕ್ಯಾಲ್ಕುಲಸ್ ಪಾಠಕ್ಕೆ ನೆರವಾಗುವವರಿಗೆ ತರಬೇತಿ ಕೊಡುತ್ತಿದ್ದರು. ಅವರ ಕಣ್ಣಿಗೆ ಬಿದ್ದದ್ದು ಇಷ್ಟು: ಕಪ್ಪು ವರ್ಣದ ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಸಾಲುಸಾಲಾಗಿ ಫೇಲಾಗುತ್ತಿದ್ದರು. ಚೀನಾ ಮೂಲದ ವಿದ್ಯಾರ್ಥಿಗಳು ಚೆನ್ನಾಗಿ ಪಾಸಾಗುತ್ತಿದ್ದರು. ಯಾಕೆ?

ಅಧ್ಯಾಪಕರನ್ನು ಕೇಳಿದರೆ ಉತ್ತರ ಸಿದ್ಧವಿತ್ತು. ಓದುವ ಆಸೆ ಕಡಿಮೆ. ಹೈಸ್ಕೂಲಿನ ತಳಪಾಯ ಸರಿಯಿಲ್ಲ. ಮನೆಯಲ್ಲಿ ಓದಿನ ಬಗ್ಗೆ ಆಸಕ್ತಿಯಿಲ್ಲ. ಬಡತನ. ನಿಮಗೂ ಇದು ಎಲ್ಲೋ ಕೇಳಿದಂತಿದೆ ಅಲ್ಲವೇ? ಹಳ್ಳಿ ಮಕ್ಕಳ ಬಗ್ಗೆ, ಹಾಸ್ಟೆಲ್ ಮಕ್ಕಳ ಬಗ್ಗೆ ಹೇಳುವ ಮಾತಿನ ಪಟ್ಟಿಯೂ ಇದೇ, ಕ್ರಮ ಮಾತ್ರ ಹಿಂದುಮುಂದು.

ಟ್ರೈಸ್ಮನ್ ಪ್ರಶ್ನಾವಳಿ ಹಂಚಿ ಕೂರಲಿಲ್ಲ. ಎರಡೂ ಗುಂಪಿನಿಂದ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳನ್ನು ಆರಿಸಿಕೊಂಡು ಅವರ ಹಿಂದೆಯೇ ಹೋದರು. ಹದಿನೆಂಟು ತಿಂಗಳು. ಅವರು ಓದುವ ಜಾಗದಲ್ಲಿ ಕೂತರು, ಓದುವುದನ್ನು ವಿಡಿಯೊ ಮಾಡಿಕೊಂಡರು, ಮನೆಯವರನ್ನು ಮಾತಾಡಿಸಿದರು. ನಮ್ಮ ಪತ್ರಿಕೋದ್ಯಮದ ಮೇಷ್ಟ್ರುಗಳು 'ಊರೊಳಗೆ ಹೋಗಿ ಬನ್ನಿ, ಆಮೇಲೆ ಬರೆಯಿರಿ' ಅನ್ನುತ್ತಿದ್ದದ್ದು ಇದನ್ನೇ.

ಒಳಗೆ ಹೋಗಿ ನೋಡಿದರೆ ಅಧ್ಯಾಪಕರ ನಾಲ್ಕೂ ಕಾರಣ ನಿಲ್ಲಲಿಲ್ಲ. ಅಪ್ಪ ಅಮ್ಮಂದಿರು ಮಕ್ಕಳು ಹುಟ್ಟಿದಾಗಿನಿಂದ ಕಾಲೇಜಿನ ಕನಸು ಕಂಡವರು. ಹುಡುಗರಲ್ಲಿ ಕೆಲವರು ತಮ್ಮ ಹೈಸ್ಕೂಲಿಗೇ ಮೊದಲಿಗರು. ಆಸೆಯೂ ಕಡಿಮೆ ಇರಲಿಲ್ಲ.

ವ್ಯತ್ಯಾಸ ಇದ್ದದ್ದು ಸಂಜೆಯಲ್ಲಿ. ಕಪ್ಪು ವರ್ಣದ ಇಪ್ಪತ್ತು ಜನರಲ್ಲಿ ಹದಿನೆಂಟು ಜನ ಸಹಪಾಠಿಗಳ ಜೊತೆ ಕೂತು ಓದುತ್ತಲೇ ಇರಲಿಲ್ಲ. ಒಬ್ಬೊಬ್ಬರೇ ತಮ್ಮ ಕೋಣೆಯಲ್ಲಿ. ತರಗತಿಯ ಒಂದು ಗಂಟೆಗೆ ಎರಡು ಗಂಟೆ ಓದಬೇಕು ಎಂದು ಹೇಳಿದ್ದರು, ನಿಯತ್ತಾಗಿ ಸುಮಾರು ಅಷ್ಟೇ ಓದುತ್ತಿದ್ದರು. ಗೆಳೆಯರು ಬೇರೆ, ಓದು ಬೇರೆ. ಲೆಕ್ಕ ತಪ್ಪಿದರೆ ತಪ್ಪಿದ್ದು ತಮಗೊಬ್ಬರಿಗೇ ಎಂದುಕೊಳ್ಳುತ್ತಿದ್ದರು, ಪಕ್ಕದ ಕೋಣೆಯಲ್ಲಿ ಇನ್ನೊಬ್ಬನಿಗೂ ಅದೇ ಲೆಕ್ಕ ತಪ್ಪಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ವಿಶ್ವವಿದ್ಯಾಲಯ ಇವರಿಗೆಂದೇ ಸಹಾಯದ ತರಗತಿ ಇಟ್ಟಿತ್ತು. ಅಲ್ಲಿಗೆ ಹೋಗುವುದೆಂದರೆ 'ನಾನು ದಡ್ಡ' ಎಂದು ಒಪ್ಪಿಕೊಂಡಂತೆ, ಹಾಗಾಗಿ ಹೋಗುತ್ತಿರಲಿಲ್ಲ.

ಚೀನಾ ಮೂಲದವರೂ ಒಬ್ಬರೇ ಓದುತ್ತಿದ್ದರು, ವಾರಕ್ಕೆ ಎಂಟು ಹತ್ತು ಗಂಟೆ. ಆಮೇಲೆ ಸಂಜೆ ಒಟ್ಟು ಸೇರುತ್ತಿದ್ದರು. ಊಟ ಮಾಡುತ್ತಾ ಮನೆಗೆಲಸದ ಲೆಕ್ಕ ಹೋಲಿಸಿ ನೋಡುತ್ತಿದ್ದರು. ಒಬ್ಬರ ಉತ್ತರ ಇನ್ನೊಬ್ಬರು ತಿದ್ದುತ್ತಿದ್ದರು, ಇಂಗ್ಲಿಷನ್ನೂ ತಿದ್ದುತ್ತಿದ್ದರು. ಎಲ್ಲರಿಗೂ ಬಾರದ ಲೆಕ್ಕ ಇದ್ದರೆ ಅದು ನಿಜಕ್ಕೂ ಕಷ್ಟದ್ದು ಎಂದು ತಿಳಿಯುತ್ತಿತ್ತು. ನಾಚಿಕೆ ಹೋಗಲು ಅಷ್ಟು ಸಾಕಾಗಿತ್ತು.

ಟ್ರೈಸ್ಮನ್ ಮಾಡಿದ್ದು ಸರಳ. 1970ರ ದಶಕದ ಕೊನೆಯಲ್ಲಿ ಒಂದು ಕಾರ್ಯಾಗಾರ ಶುರು ಮಾಡಿದರು. ಹಿಂದುಳಿದವರಿಗಲ್ಲ, ಮುಂದೆ ಹೋಗಬೇಕೆನ್ನುವವರಿಗೆ ಎಂದು ಹೇಳಿಯೇ ಕರೆದರು. ಸುಲಭದ ಲೆಕ್ಕ ಕೊಡಲಿಲ್ಲ. ತರಗತಿಗಿಂತ ಕಷ್ಟದವನ್ನು ಕೊಟ್ಟು, ಒಟ್ಟಿಗೆ ಕೂತು ಬಿಡಿಸಿ ಎಂದರು. ಅದರಲ್ಲಿ ಪಾಲ್ಗೊಂಡ ಕಪ್ಪು ವರ್ಣದ ಮತ್ತು ಲ್ಯಾಟಿನೊ ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ತರಗತಿಯ ಬಿಳಿಯರನ್ನೂ ಏಷ್ಯಾ ಮೂಲದವರನ್ನೂ ಹಿಂದೆ ಹಾಕಿದರು. ಮನಸ್ಸಿದ್ದವರು ಮಾತ್ರ ಬಂದು ಸೇರಿದ್ದರು, ಅದೂ ಫಲಿತಾಂಶಕ್ಕೆ ಒಂದಿಷ್ಟು ಕಾರಣ ಇರಬಹುದು ಎಂಬುದು ನಮ್ಮ ಅನುಮಾನ. ಆದರೆ ಅದೇ ಮನಸ್ಸಿದ್ದವರು ಹಿಂದೆ ಒಬ್ಬೊಬ್ಬರೇ ಕೂತು ಫೇಲಾಗುತ್ತಿದ್ದರಲ್ಲ!

ಈ ಕೆಲಸ ಬೇರೆ ವಿಶ್ವವಿದ್ಯಾಲಯಗಳಿಗೂ ಹರಡಿತು. ಮಂಡಿಸಿದ ಪ್ರಶ್ನೆಯೇ ಬದಲಾಗಿತ್ತು. ನಿನಗೆ ಲೆಕ್ಕ ಇಷ್ಟವಾ ಅಂತಲ್ಲ, ನಿನಗೆ ಭಯವಾ ಅಂತಲೂ ಅಲ್ಲ. ಲೆಕ್ಕ ಮಾಡುವವರ ನಡುವೆ ನೀನೂ ಒಬ್ಬ ಎಂದು ನಿನಗೆ ಅನ್ನಿಸುತ್ತದೆಯೇ?

ಹೊರಗಿನ ಮಾತು ಎಷ್ಟು ಒಳಗೆ ಹೋಗುತ್ತದೆ ಎನ್ನುವುದಕ್ಕೆ ಆ ಕಾಲದ್ದೇ ಒಂದು ಉದಾಹರಣೆ. 1992ರಲ್ಲಿ ಅಮೆರಿಕದ ಅಂಗಡಿಗಳಿಗೆ ಮಾತಾಡುವ ಬಾರ್ಬಿ ಗೊಂಬೆ ಬಂತು. ಅದು ಹೇಳುವ ನೂರಾರು ಮಾತುಗಳಲ್ಲಿ ಒಂದು, ಗಣಿತದ ಕ್ಲಾಸು ಕಷ್ಟ ಎಂಬರ್ಥದ್ದು. ಮಹಿಳಾ ಸಂಘಟನೆಗಳು ತಿರುಗಿಬಿದ್ದವು. ಕಂಪನಿ ಆ ಮಾತನ್ನು ತೆಗೆಯಿತು. ಆರು ವರ್ಷದ ಹುಡುಗಿ ಗೊಂಬೆಯ ಬಾಯಲ್ಲಿ ಕೇಳಿದ್ದನ್ನು ಹದಿನಾರಕ್ಕೆ ತನ್ನದೇ ಮಾತು ಎಂದುಕೊಂಡರೆ ತಪ್ಪು ಯಾರದು? ನಮ್ಮಲ್ಲಿ ಬಾರ್ಬಿ ಬೇಕಿಲ್ಲ, ಸೋದರಮಾವ ಸಾಕು.

'ಇಲ್ಲಿಯವಳು' ಎಂಬ ಅನಿಸಿಕೆಯನ್ನು ಅಳೆಯುವ ಗೋಲುಗಳು ಬಂದದ್ದು ಇದೇ 1990ರ ದಶಕದಲ್ಲಿ. 1993ರಲ್ಲಿ ಕ್ಯಾರಲ್ ಗುಡೆನೋ ಶಾಲಾ ಮಕ್ಕಳಿಗೆ 18 ಹೇಳಿಕೆಗಳ ಗೋಲು ಮಾಡಿದರು. 1997ರಲ್ಲಿ ಸಿಲ್ವಿಯಾ ಹುರ್ಟಾಡೊ ಮತ್ತು ಡೆಬೊರಾ ಕಾರ್ಟರ್ ಲ್ಯಾಟಿನೊ ಕಾಲೇಜು ವಿದ್ಯಾರ್ಥಿಗಳನ್ನು ಕೇಳಲು ಬಳಸಿದ್ದು ಮೂರೇ ಹೇಳಿಕೆ: ಈ ಕ್ಯಾಂಪಸ್ಸಿನವರಲ್ಲಿ ನಾನೂ ಒಬ್ಬ ಎಂದು ಕಾಣುತ್ತೇನೆಯೇ, ಇದರ ಸದಸ್ಯ ಎನ್ನಿಸುತ್ತದೆಯೇ, ಇಲ್ಲಿಗೆ ಸೇರಿದವನು ಎನ್ನಿಸುತ್ತದೆಯೇ, ಇಷ್ಟರ ಸುತ್ತ. 98 ಪ್ರಶ್ನೆ, 108 ಹೇಳಿಕೆಯಿಂದ ಮೂರಕ್ಕೆ! ಸಹಪಾಠಿಗಳೊಂದಿಗೆ ತರಗತಿಯ ಹೊರಗೂ ಪಾಠದ ವಿಷಯ ಮಾತಾಡುತ್ತಿದ್ದವರಿಗೆ ಈ ಅನಿಸಿಕೆ ಗಟ್ಟಿಯಾಗಿತ್ತು ಎಂಬುದು ಅವರಿಗೆ ಕಂಡದ್ದರಲ್ಲಿ ಒಂದು. ಟ್ರೈಸ್ಮನ್ ಕಂಡ ಸಂಜೆಯ ಊಟ ನೆನಪಾಯಿತು ನಮಗೆ.

ಗಣಿತಕ್ಕೆಂದೇ ಇಂಥ ಗೋಲು ಮಾಡಿದವರು ಕ್ಯಾಥರೀನ್ ಗುಡ್, ಅನೀತಾ ರತ್ತನ್, ಕ್ಯಾರಲ್ ಡ್ವೆಕ್. 2012ರಲ್ಲಿ ಪ್ರಕಟವಾಯಿತು. ಗಣಿತದ ತರಗತಿಯಲ್ಲಿ ಕೂತಾಗ ಹೇಗನ್ನಿಸುತ್ತದೆ ಎಂದು ಐದು ಮುಖದಿಂದ ಕೇಳುತ್ತದೆ. ನಾನು ಇವರಲ್ಲಿ ಒಬ್ಬಳೇ? ನನ್ನನ್ನು ಇವರು ಒಪ್ಪಿಕೊಂಡಿದ್ದಾರೆಯೇ? ಮನಸ್ಸು ಹಗುರವಾಗಿದೆಯೇ, ಬಿಗಿಯಾಗಿದೆಯೇ? ಕಲಿಸುವವರು ನನ್ನ ಮೇಲೆ ನಂಬಿಕೆ ಇಟ್ಟಿದ್ದಾರೆಯೇ? ಐದನೆಯದು, ಯಾರ ಕಣ್ಣಿಗೂ ಬೀಳದೆ ಇದ್ದುಬಿಡೋಣ ಎನ್ನಿಸುತ್ತದೆಯೇ?

ಕ್ಯಾಲ್ಕುಲಸ್ ಓದುವ ವಿದ್ಯಾರ್ಥಿಗಳನ್ನು ಇದರಿಂದ ಅಳೆದರು. ಗಣಿತ ಹುಟ್ಟಿನಿಂದ ಬರಬೇಕು, ಇದ್ದವರಿಗೆ ಇದೆ, ಇಲ್ಲದವರಿಗಿಲ್ಲ ಎಂಬ ಗಾಳಿ ತರಗತಿಯಲ್ಲಿದ್ದು, ಜೊತೆಗೆ ಹುಡುಗಿಯರಿಗೆ ಅದು ಕಡಿಮೆ ಎಂಬ ಮಾತೂ ಇದ್ದರೆ, ಹುಡುಗಿಯರಲ್ಲಿ 'ನಾನು ಇಲ್ಲಿಯವಳು' ಎಂಬ ಭಾವ ಸವೆಯುತ್ತಾ ಹೋಗುತ್ತಿತ್ತು. ಆ ಭಾವ ಸವೆದವರು ಮುಂದೆ ಗಣಿತ ತೆಗೆದುಕೊಳ್ಳುವ ಯೋಚನೆ ಬಿಡುತ್ತಿದ್ದರು, ಅಂಕವೂ ಇಳಿಯುತ್ತಿತ್ತು. ಕಲಿತರೆ ಬರುತ್ತದೆ ಎಂಬ ಗಾಳಿ ಇದ್ದ ಕಡೆ ಆ ಹಳೇ ಮಾತು ಇದ್ದರೂ ಅಷ್ಟು ನಾಟುತ್ತಿರಲಿಲ್ಲ.

ಹಾಗಾದರೆ ವಿದ್ಯಾರ್ಥಿಗೆ ಧೈರ್ಯದ ಮಾತು ಹೇಳಿದರೆ ಆಯಿತಲ್ಲವೇ? ಇದನ್ನೂ ನೋಡಿದ್ದಾರೆ. ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೊಹೆನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 92 ಮೊದಲ ವರ್ಷದ ವಿದ್ಯಾರ್ಥಿಗಳಿದ್ದರು. ಗಣಿತಕ್ಕೆ ಮಾತ್ರ ಸೇರಿದ್ದಲ್ಲ, ಒಟ್ಟು ಕಾಲೇಜಿನದು. 'ಹೊಸದರಲ್ಲಿ ಎಲ್ಲರಿಗೂ ಇಲ್ಲಿ ಒಂಟಿ ಅನ್ನಿಸುತ್ತದೆ, ದಿನ ಕಳೆದಂತೆ ಸರಿಹೋಗುತ್ತದೆ' ಎಂದು ಹಿರಿಯ ವಿದ್ಯಾರ್ಥಿಗಳು ಹೇಳಿದ್ದನ್ನು ಓದಿಸಿ, ಒಂದು ಗಂಟೆ ಆ ಬಗ್ಗೆ ಬರೆಸಿದರು. ಮೂರು ವರ್ಷದಲ್ಲಿ ಕಪ್ಪು ಮತ್ತು ಬಿಳಿ ವಿದ್ಯಾರ್ಥಿಗಳ ಅಂಕದ ಅಂತರ ಅರ್ಧಕ್ಕೆ ಇಳಿಯಿತು. ಒಂದು ಗಂಟೆಗೆ ಇಷ್ಟು ಫಲವೇ ಎಂದು ನಮಗೂ ಅನುಮಾನ ಬಂತು.

2023ರಲ್ಲಿ ಅದೇ ಕೆಲಸವನ್ನು 22 ಕಾಲೇಜುಗಳ 26,911 ವಿದ್ಯಾರ್ಥಿಗಳ ಮೇಲೆ ಮಾಡಿ ನೋಡಿದರು. ಈಗ ಉತ್ತರ ಬೇರೆ ಥರ ಬಂತು. ಎಲ್ಲ ಕಡೆ ಫಲ ಸಿಗಲಿಲ್ಲ. ಆ ಗುಂಪಿನ ವಿದ್ಯಾರ್ಥಿಗಳು ನಿಜವಾಗಿಯೂ ನೆಲೆಯೂರಲು ಅವಕಾಶ ಇದ್ದ ಕಾಲೇಜುಗಳಲ್ಲಿ ಮಾತ್ರ ಮಾತು ಫಲ ಕೊಟ್ಟಿತು. ಒಣನೆಲಕ್ಕೆ ಬಿತ್ತನೆ ಬೀಜ ಎಷ್ಟು ಒಳ್ಳೆಯದಿದ್ದರೇನು.

ನಮ್ಮ ದೇಶದಲ್ಲಿ ಈ ಮಾತು ಸರಕಾರಿ ಕಾಗದಕ್ಕೆ ಬಂದದ್ದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಹೊತ್ತಿಗೆ. ಗಣಿತ ಬೋಧನೆಯ ಬಗ್ಗೆ ವರದಿ ಕೊಟ್ಟ ತಂಡಕ್ಕೆ ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಆರ್. ರಾಮಾನುಜಂ ಅಧ್ಯಕ್ಷರು. ಶಾಲಾ ಗಣಿತದ ತೊಂದರೆಗಳನ್ನು ಪಟ್ಟಿ ಮಾಡುವಾಗ ಆ ವರದಿ ಮೊದಲಿಗೆ ಇಟ್ಟದ್ದು ಪಠ್ಯಪುಸ್ತಕವನ್ನಲ್ಲ. ಬಹುಪಾಲು ಮಕ್ಕಳಲ್ಲಿರುವ ಭಯ ಮತ್ತು ಸೋಲಿನ ಭಾವವನ್ನು.

ಇದೆಲ್ಲ ಓದಿದ ಮೇಲೆ ನಾವು ನಾಲ್ಕು ಜನ ಕೂತು ಆ ಗಣಿತದ ಗೋಲಿನ ಐದು ಮುಖಗಳನ್ನು ನಮ್ಮ ಕನ್ನಡಕ್ಕೆ ತರಲು ನೋಡಿದೆವು. ಮೊದಲನೆಯದರಲ್ಲೇ ಸಿಕ್ಕಿಬಿದ್ದೆವು. 'ನಾನು ಈ ಗುಂಪಿಗೆ ಸೇರಿದವಳು' ಎಂದು ಬರೆದರೆ ನಮ್ಮ ಕಡೆ ಜಾತಿ ಕೇಳಿದ ಹಾಗೆ ಕೇಳಿಸುತ್ತದೆ. 'ಇವರು ನನ್ನವರು' ಎಂದರೆ ನೆಂಟಸ್ತನ. 'ನಾನು ಇಲ್ಲಿಯವಳು' ಎಂದರೆ ಯಾವ ಊರು ಎಂದು ಕೇಳುತ್ತಾರೆ. ಒಬ್ಬಳು 'ಒಗ್ಗಿಕೊಂಡಿದ್ದೇನೆ' ಎಂದು ಬರೆಯೋಣ ಅಂದಳು. ಅದು ಬೇಡ, ಒಗ್ಗಿಕೊಳ್ಳುವುದು ಅಂದರೆ ಸಹಿಸಿಕೊಳ್ಳುವುದು ಎಂದು ಇನ್ನೊಬ್ಬ ಅಡ್ಡ ಹಾಕಿದ. ಆ ಸಾಲು ಇನ್ನೂ ಖಾಲಿ ಇದೆ. ನಿಮ್ಮ ಊರಿನ ಮಾತಿನಲ್ಲಿ ಇದಕ್ಕೊಂದು ಪದ ಇದ್ದರೆ ಬರೆದು ಕಳಿಸಿ.

ಐದನೆಯದಕ್ಕೆ ಮಾತ್ರ ಚರ್ಚೆಯೇ ಆಗಲಿಲ್ಲ. 'ಲೆಕ್ಕದ ಕ್ಲಾಸಿನಲ್ಲಿ ಮೇಷ್ಟ್ರ ಕಣ್ಣಿಗೆ ಬೀಳದ ಹಾಗೆ ಕೂರೋಣ ಅನ್ನಿಸುತ್ತದೆ' ಎಂದು ಒಬ್ಬ ಬರೆದ. ನಾಲ್ಕೂ ಜನ 'ಪೂರ್ತಿ ಒಪ್ಪುತ್ತೇನೆ' ಎಂದು ಗುರುತು ಹಾಕಿದೆವು.